ಕಾಣೆಯಾದ ಹನ್ನೊಂದು ಸೆಕೆಂಡು

ಹನ್ನೊಂದು ಸೆಕೆಂಡುಗಳು ಕಾಣೆಯಾಗಿವೆ ಎಂಬ ಗಂಭೀರ ಸಂಗತಿಯನ್ನು ಮೊದಲಿಗೇ ತಿಳಿಸಿಬಿಡುವುದು ಒಳ್ಳೆಯದು. ೧೯೮೧ರ ಡಿಸೆಂಬರಿನಲ್ಲಿ ದೇಶದ ಮುಂದೆ ಬೇರೆ ಸಮಸ್ಯೆಗಳೂ ಇದ್ದವು. ಪತ್ರಿಕೆಗಳು ಅವನ್ನು ದಿನವೂ ಮುಖಪುಟದಲ್ಲಿ ಹಾಕುತ್ತಿದ್ದವು. ಈ ಹನ್ನೊಂದು ಸೆಕೆಂಡುಗಳ ಬಗ್ಗೆ ಮಾತ್ರ ಎಲ್ಲೂ ಒಂದು ಸಾಲು ಬಂದಿರಲಿಲ್ಲ, ವಿಧಾನಸಭೆಯಲ್ಲಿ ಯಾರೂ ಪ್ರಶ್ನೆ ಎತ್ತಿರಲಿಲ್ಲ. ಅದರ ಇಡೀ ಭಾರವನ್ನು ಪೀಣ್ಯದ ಹತ್ತಿರದ ಒಂದು ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದ ಶ್ಯಾಮಸುಂದರನೊಬ್ಬನೇ ಒಂಬತ್ತು ವರ್ಷದಿಂದ ಹೊತ್ತುಕೊಂಡು ತಿರುಗುತ್ತಿದ್ದ.

ಸಂಗತಿ ಇಷ್ಟು. ಶ್ಯಾಮಸುಂದರನ ಬಳಿ ಅರವತ್ತನಾಲ್ಕು ಜಾಝ್ ರೆಕಾರ್ಡುಗಳಿದ್ದವು. ಅವುಗಳಲ್ಲಿ ಅವನು ಅಂಗಡಿಗೆ ಹೋಗಿ ಕೊಂಡದ್ದು ಐದೋ ಆರೋ. ಉಳಿದವೆಲ್ಲ ಯಾರೋ ಊರು ಬಿಡುವಾಗ, ಯಾರೋ ಮನೆ ಖಾಲಿ ಮಾಡುವಾಗ, ಯಾರೋ ಮಗಳ ಮದುವೆಗೆ ಅಟ್ಟ ಗುಡಿಸುವಾಗ ಅವನ ಕೈಗೆ ಬಂದವು. ಹಾಗಾಗಿ ರೆಕಾರ್ಡು ಸಂಗ್ರಹಿಸುವುದು ಹವ್ಯಾಸವಲ್ಲ, ಜನರ ದೊಡ್ಡ ಮನಸ್ಸು ಹರಿದು ಬರುವ ದಾರಿಯಲ್ಲಿ ಹೋಗಿ ನಿಂತುಕೊಳ್ಳುವ ಒಂದು ಉಪಾಯ ಎಂದು ಅವನು ನಂಬಿದ್ದ. ಪಾಸಾದ ಬಿಡಿಭಾಗಗಳಿಗೆ ಕಟ್ಟುವ ಹಸಿರು ಚೀಟಿಗಳನ್ನು ಕಾರ್ಖಾನೆಯಿಂದ ತಂದು, ಹಾಗೆ ಬಂದ ಪ್ರತಿ ರೆಕಾರ್ಡಿನ ಹೊದಿಕೆಗೂ ಒಂದೊಂದು ಅಂಟಿಸಿ, ಅದರ ಮೇಲೆ ಕೊಟ್ಟವರ ಹೆಸರು ಬರೆದಿದ್ದ. ಕಪಾಟಿನ ಬಾಗಿಲು ತೆಗೆದರೆ ಸಂಗೀತಗಾರರಿಗಿಂತ ಮೊದಲು ಉಪಕಾರಿಗಳೇ ಕಾಣುತ್ತಿದ್ದರು.

ಅದರಲ್ಲೊಂದು ಪುಟ್ಟ ರೆಕಾರ್ಡು ಬೊಂಬಾಯಿಯ ಲಿಗೋರಿಯೊ ಪಿಂಟೊ ಎಂಬ ಸ್ಯಾಕ್ಸೊಫೋನ್ ವಾದಕನದು. ಗೋವಾದವನಾದ ಈತ ಜನ್ಮದಲ್ಲಿ ಮಾಡಿದ್ದು ಆ ಒಂದೇ ರೆಕಾರ್ಡು. ವೈಟ್‌ಫೀಲ್ಡಿನ ಒಂದು ಆಂಗ್ಲೋ-ಇಂಡಿಯನ್ ರೈಲ್ವೆ ಸಂಸಾರ ಆಸ್ಟ್ರೇಲಿಯಾಕ್ಕೆ ಹೊರಟಾಗ, ಅವರ ಗ್ರಾಮಫೋನ್ ರಿಪೇರಿ ಮಾಡಿಕೊಟ್ಟನೆಂದು ಪ್ರೀತಿಯಿಂದ ಅದನ್ನು ಶ್ಯಾಮಸುಂದರನಿಗೆ ಕೊಟ್ಟಿತ್ತು. ಒಂದು ಬದಿಯಲ್ಲಿ, ಬೊಂಬಾಯಿಯ ಲೋಕಲ್ ರೈಲೊಂದರ ಹೆಸರು ಹೊತ್ತ ‘ಕರ್ರಿ ರೋಡ್ ಲೋಕಲ್’ ಎಂಬ ಕೃತಿ. ಲೇಬಲ್ಲಿನ ಮೇಲೆ ಮೂರು ನಿಮಿಷ ಇಪ್ಪತ್ತೆರಡು ಸೆಕೆಂಡು ಎಂದು ಅಚ್ಚಾಗಿತ್ತು. ಶ್ಯಾಮಸುಂದರನ ಸ್ಟಾಪ್‌ವಾಚು ಮೂರು ಹನ್ನೊಂದು ಎನ್ನುತ್ತಿತ್ತು. ಪಿಂಟೊ ಸ್ವರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹತ್ತಿ, ಇನ್ನೇನು ತುದಿ ಮುಟ್ಟಬೇಕು, ಅಲ್ಲೊಂದು ಗೀರು. ಮುಳ್ಳು ಟಕ್ ಎಂದು ಹಾರಿ ಎಂಟು ಗೆರೆ ಆಚೆ ಬೀಳುತ್ತಿತ್ತು. ಅಷ್ಟರಲ್ಲಿ ಪಿಂಟೊ ಆಗಲೇ ಕೆಳಗಿಳಿದು, ಏನೂ ಆಗಿಲ್ಲವೆಂಬಂತೆ ಮನೆಯ ಕಡೆ ನಡೆಯುತ್ತಿದ್ದ. ಮೇಲೆ ಅವನೇನು ಕಂಡ, ಏನು ಮಾಡಿದ? ಇನ್ನೊಂದು ಪ್ರತಿಗಾಗಿ ಶ್ಯಾಮಸುಂದರ ಅವೆನ್ಯೂ ರಸ್ತೆಯ ಹಳೆ ಅಂಗಡಿಗಳಿಂದ ಹಿಡಿದು ಬೊಂಬಾಯಿಯ ಚೋರ್ ಬಜಾರಿನವರೆಗೆ ಕಾಗದ ಬರೆದಿದ್ದ. ಸಿಕ್ಕಿರಲಿಲ್ಲ.

ಡಿಸೆಂಬರ್ ಹದಿನೆಂಟರ ಶುಕ್ರವಾರ, ಬೆಳಗಿನ ಹತ್ತರ ಟೀ ಹೊತ್ತಿನಲ್ಲಿ, ಕ್ಯಾಂಟೀನಿನ ಮೇಜಿನ ಮೇಲೆ ಯಾರೋ ಬಿಟ್ಟುಹೋದ ಪತ್ರಿಕೆಯ ‘ನಗರದಲ್ಲಿ ಇಂದು’ ಅಂಕಣದಲ್ಲಿ, ಹೋಮಿಯೋಪಥಿ ಶಿಬಿರಕ್ಕೂ ಹರಿಕಥೆಗೂ ನಡುವೆ ಅವನು ಈ ಸಾಲು ಓದಿದ: ವೈಟ್‌ಫೀಲ್ಡ್ ಕ್ಲಬ್ಬಿನ ಹಾಲಿನಲ್ಲಿ ಸಂಜೆ ನಾಲ್ಕಕ್ಕೆ ಲಿಗೋರಿಯೊ ಪಿಂಟೊ ಅವರ ಬೀಳ್ಕೊಡುಗೆ ಕಾರ್ಯಕ್ರಮ, ತಂಗಿಯ ಮನೆಗೆ ಬಂದಿರುವ ಅವರು ಕೆನಡಾದ ಮಗಳ ಬಳಿಗೆ ಹೋಗಿ ನೆಲೆಸಲಿದ್ದಾರೆ.

ಟೀ ಆರಿತು. ಪೀಣ್ಯವಿರುವುದು ಬೆಂಗಳೂರಿನ ಒಂದು ತುದಿಯಲ್ಲಾದರೆ ವೈಟ್‌ಫೀಲ್ಡ್ ಇನ್ನೊಂದು ತುದಿಯಲ್ಲಿ. ನಡುವೆ ಮೂರು ಬಸ್ಸು. ಡ್ಯೂಟಿ ಮುಗಿಯುವುದು ಐದಕ್ಕೆ. ವರ್ಷದ ಕೊನೆಯಾದ್ದರಿಂದ ರಜೆಗಳೆಲ್ಲ ತೀರಿದ್ದವು. ಉಳಿದದ್ದು ಒಂದೇ ದಾರಿ: ಟೈಮ್ ಆಫೀಸಿನ ಹನುಮಂತಯ್ಯನವರಿಂದ, ಡ್ಯೂಟಿಯ ನಡುವೆ ಹೊರಗೆ ಬಿಡುವ ಔಟ್‌ಪಾಸು.

ಹನುಮಂತಯ್ಯನವರು ಒಳ್ಳೆಯವರು. ಟೈಮ್ ಆಫೀಸಿಗೆ ಬರುವ ಮುಂಚೆ ಇಪ್ಪತ್ತೆರಡು ವರ್ಷ ತಗಡು ಒತ್ತುವ ಪ್ರೆಸ್ ಶಾಪಿನ ಗದ್ದಲದಲ್ಲಿ ದುಡಿದು, ಒಂದು ಕಿವಿಯನ್ನು ಪೂರ್ತಿಯಾಗಿಯೂ ಇನ್ನೊಂದನ್ನು ಮುಕ್ಕಾಲು ಪಾಲೂ ಕಾರ್ಖಾನೆಗೆ ಒಪ್ಪಿಸಿದ್ದರು. ಅವರ ರಿಜಿಸ್ಟರಿನಲ್ಲಿ ‘ಕಾರಣ’ ಎಂಬ ಕಾಲಮ್ಮು ಇತ್ತು. ಸಾವು, ಹೆರಿಗೆ, ಆಸ್ಪತ್ರೆ, ಗ್ಯಾಸ್ ಎಂಬ ನಾಲ್ಕು ಕಾರಣಗಳನ್ನು ಅವರು ಒಪ್ಪುತ್ತಿದ್ದರು. ನಾಲ್ಕರಲ್ಲಿ ಹೆಚ್ಚಿನ ಮರ್ಯಾದೆ ಗ್ಯಾಸಿಗೆ. ಆಗೆಲ್ಲ ಅಡುಗೆ ಗ್ಯಾಸಿಗೆ ಹೆಸರು ಬರೆಸಿ ಆರೇಳು ವರ್ಷ ಕಾಯಬೇಕಿತ್ತು. ನಂಬರು ಬಂದ ದಿನ ನಾವು ಹೋಗದಿದ್ದರೆ ಮುಂದಿನವರ ಪಾಲು. ಸತ್ತವರಾದರೂ ಸಂಜೆಯವರೆಗೆ ಕಾಯುತ್ತಾರೆ.

ಶ್ಯಾಮಸುಂದರ ಸುಳ್ಳು ಹೇಳಬಾರದೆಂದು ನಿರ್ಧರಿಸಿಕೊಂಡು ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೋದ. ಆ ಸಂಗೀತದ ಹೆಸರು ಅಚ್ಚಿನಲ್ಲಿ ಜಾಝ್. ಪೀಣ್ಯದ ನಾಲಗೆಯ ಮೇಲೆ ಮಾತ್ರ ಮೊದಲಿನಿಂದಲೂ ಜ್ಯಾಸ್.

“ಏನಯ್ಯಾ ಕಾರಣ?” ಎಂದರು ಹನುಮಂತಯ್ಯ, ಪೆನ್ನಿನ ಮುಚ್ಚಳ ತೆಗೆಯುತ್ತ.

“ಜ್ಯಾಸ್ ಸಾರ್.”

ಹನುಮಂತಯ್ಯನವರ ಮುಖ ಅರಳಿತು. “ಅಯ್ಯೋ ಮಾರಾಯ! ಬಂತಾ? ಎಷ್ಟು ವರ್ಷ ಆಗಿತ್ತೋ ಬರೆಸಿ?”

“ಗ್ಯಾಸ್ ಅಲ್ಲ ಸಾರ್. ಜ್ಯಾಸ್.”

“ಅದೇ ಕಣಯ್ಯ, ಗ್ಯಾಸ್. ಕಿವಿ ಕೇಳಲ್ಲ ಅಂತ ಕಿರುಚ್ಬೇಡ, ಅಷ್ಟು ಕೇಳುತ್ತೆ ನಂಗೆ.”

“ಸಾರ್, ಸಂಗೀತ ಸಾರ್, ವೈಟ್‌ಫೀಲ್ಡಲ್ಲಿ…”

“ಸಂಗೀತ ಗಿಂಗೀತ ಎಲ್ಲ ಆಮೇಲೆ. ಮೊದ್ಲು ಹೋಗಿ ಸಿಲಿಂಡರ್ ಹಿಡ್ಕೊ. ನಿನ್ ಹೆಂಡ್ತಿ ಸೀತಮ್ಮ ಪಾಪ ಎಷ್ಟು ದಿನ ಆ ಸೀಮೆಎಣ್ಣೆ ಹೊಗೆ ಕುಡೀಬೇಕು?” ಎಂದು ಸಹಿ ಹಾಕಿ, ಠಸ್ಸೆ ಒತ್ತಿ, ಕೈಗಿಟ್ಟರು.

ಎರಡು ಸಲ ನಿಜ ಹೇಳಿ ಮೂರನೆಯ ಸಲ ವಿವರಣೆಗೂ ಕೈಹಾಕಿದವನ ಮೇಲೆ ನಾಲ್ಕನೆಯ ಸಲದ ಹೊಣೆ ಇರಲಾರದು ಎಂದು ಶ್ಯಾಮಸುಂದರ ತನಗೆ ತಾನೇ ಹೇಳಿಕೊಂಡ. ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹನುಮಂತಯ್ಯನವರ ಉಪಕಾರಬುದ್ಧಿ ಅಷ್ಟಕ್ಕೆ ನಿಲ್ಲುವಂಥದಲ್ಲ. ಅವರು ಆಗಲೇ ಫೋನು ಎತ್ತಿ ಗೇಟಿಗೆ ಹೇಳುತ್ತಿದ್ದರು: “ಆವಲಪ್ಪನ ವ್ಯಾನು ನಿಲ್ಸಿ. ಶ್ಯಾಮಸುಂದರಂದು ಗ್ಯಾಸ್ ಬಂದಿದೆ. ಬಸ್ಸಲ್ಲಿ ಸಿಲಿಂಡರ್ ಹತ್ತಿಸ್ಕೊಳಲ್ಲ.”

ಹೀಗೆ ಒಂದೂಕಾಲು ಗಂಟೆಗೆ ಶ್ಯಾಮಸುಂದರ ಕಾರ್ಖಾನೆಯ ವ್ಯಾನಿನಲ್ಲಿ ಕೂತಿದ್ದ. ಆವಲಪ್ಪ ಕಾಡುಗೋಡಿಯವನು, ಒಕ್ಕಲು ಮನೆತನದವನು, ಮೀಸೆಯ ಕೆಳಗೆ ಸದಾ ಒಂದು ನಗು ಇಟ್ಟುಕೊಂಡಿರುವ ಡ್ರೈವರು. ಯಶವಂತಪುರದ ಗ್ಯಾಸ್ ಏಜೆನ್ಸಿಯ ಮುಂದೆ ಕೇಳದೆಯೇ ನಿಲ್ಲಿಸಿ, ಹಿಂದಿನ ಬಾಗಿಲು ತೆಗೆದು, ಸಿಲಿಂಡರಿಗೆಂದು ಗೋಣಿಚೀಲ ಹಾಸಿ, “ಓಗ್ಬನ್ನಿ ಸಾ” ಎಂದ.

ಶ್ಯಾಮಸುಂದರ ಇಳಿಯಲಿಲ್ಲ.

“ಯಾಕ್ ಸಾ, ಬುಕ್ಕು ಮರ್ತ್‌ಬಿಟ್ರಾ?”

“ಆವಲಪ್ಪ, ಗ್ಯಾಸ್ ಬಂದಿಲ್ಲ.”

“ಮತ್ತೆ?”

“ನೀನು ಈಗ ಎಲ್ಲಿಗೆ ಹೊರಟಿರೋದು?”

“ಊಡಿಗೆ. ಫೌಂಡ್ರೀಲಿ ಕಾಸ್ಟಿಂಗ್ ತರಾಕೆ.”

ಹೂಡಿಯಿಂದ ವೈಟ್‌ಫೀಲ್ಡಿಗೆ ವ್ಯಾನಿನಲ್ಲಿ ಕಾಲು ಗಂಟೆ. ಶ್ಯಾಮಸುಂದರನಿಗೆ ಜಗತ್ತು ಯಾರೋ ತಿಳಿದವರು ಕೂಡಿಸಿಟ್ಟ ಯಂತ್ರದಂತೆ ಕಂಡಿತು. ರೆಕಾರ್ಡು, ಗೀರು, ಪಿಂಟೊ, ಕೆನಡಾ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಆವಲಪ್ಪ ಗೋಣಿಚೀಲ ಮಡಚುತ್ತ ಕೇಳಿದ.

“ಅಂಗಾರೆ ಆ ಮುದುಕಪ್ಪ ಊದಿ ಬುಟ್ಟಿರೋದ್ರಲ್ಲಿ ಅನ್ನೊಂದು ಸೆಕೆಂಡು ನಿಮ್ಗೆ ಕೇಳ್ಸಿಲ್ಲ.”

“ಹೂಂ.”

“ಅದುಕ್ಕೆ ಅನ್ಮಂತಯ್ಯಂಗೆ ಗ್ಯಾಸ್ ಬುಟ್ರಿ.”

“ನಾನು ಜ್ಯಾಸ್ ಅಂತಲೇ ಅಂದೆ ಕಣೋ!”

ಆವಲಪ್ಪ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ನಕ್ಕ ನಗುವಿಗೆ ಏಜೆನ್ಸಿಯ ಕ್ಯೂನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗ್ಯಾಸಿನ ಕ್ಯೂನಲ್ಲಿ ಹಾಗೆ ನಗುವವನನ್ನು ಅವರು ಈ ಹಿಂದೆ ಕಂಡಿರಲಿಲ್ಲ.

ಮೇಖ್ರಿ ಸರ್ಕಲ್, ಹಲಸೂರು, ಹಳೇ ಮದ್ರಾಸ್ ರಸ್ತೆ, ಕೆ.ಆರ್. ಪುರ ದಾಟಿ ಹೂಡಿ ಮುಟ್ಟಿದಾಗ ಮೂರು. ಫೌಂಡ್ರಿಯ ಮಾಲೀಕ ಗೋಪಾಲಪ್ಪ ವ್ಯಾನಿನಿಂದ ಸಾಕ್ಷಾತ್ ಇನ್‌ಸ್ಪೆಕ್ಟರೇ ಇಳಿದದ್ದು ಕಂಡು ಕೈ ಮುಗಿದ. ಅಲ್ಲಿ ಎರಕ ಹೊಯ್ದು ಕಳಿಸಿದ ಕಾಸ್ಟಿಂಗುಗಳು ಪೀಣ್ಯದಲ್ಲಿ ರಿಜೆಕ್ಟ್ ಆಗಿ ವಾಪಸು ಬರುವುದು ಅವನಿಗೆ ದೊಡ್ಡ ತಲೆನೋವು.

“ಸಾರ್, ದೇವರು ಬಂದಂಗೆ ಬಂದ್ರಿ. ನಲವತ್ತು ಪೀಸು ಸಾರ್, ಇಲ್ಲೇ ಪಾಸ್ ಮಾಡ್ಕೊಟ್ಬಿಡಿ.”

“ನಾನು ಡ್ಯೂಟಿ ಮೇಲೆ ಬಂದಿಲ್ಲಪ್ಪ.”

“ಮತ್ಯಾವುದರ ಮೇಲೆ ಬಂದ್ರಿ?”

ಈ ಪ್ರಶ್ನೆಗೆ ಉತ್ತರ ಹೇಳಹೊರಟರೆ ನಲವತ್ತು ಪೀಸಿಗಿಂತ ಹೆಚ್ಚು ಹೊತ್ತಾಗುತ್ತದೆ ಎಂದು ಶ್ಯಾಮಸುಂದರನಿಗೆ ಹೊಳೆಯಿತು. ಸುತ್ತಿಗೆ ತರಿಸಿದ. ಎರಕದ ತುಂಡನ್ನು ಹಗ್ಗಕ್ಕೆ ತೂಗುಬಿಟ್ಟು ತಟ್ಟಿ ಕೇಳುವುದು ಹಳೆಯ ಪದ್ಧತಿ. ಒಳಗೆ ಬಿರುಕಿಲ್ಲದಿದ್ದರೆ ಗಂಟೆಯಂತೆ ನುಡಿಯುತ್ತದೆ, ಬಿರುಕಿದ್ದರೆ ನೆಗಡಿಯಾದವನಂತೆ. ವಿಭಾಗದಲ್ಲಿ ಬೇರೆಯವರು ಮೂರು ಸಲ ತಟ್ಟುವಲ್ಲಿ ಅವನಿಗೆ ಒಂದು ಸಾಕಾಗುತ್ತಿತ್ತು. ಅರವತ್ತನಾಲ್ಕು ರೆಕಾರ್ಡುಗಳು ಕಿವಿಗೆ ಮಾಡಿದ ಉಪಕಾರ ಅದು. ಅವತ್ತು ನಲವತ್ತನ್ನೂ ತಟ್ಟಿ, ಮೂವತ್ತೊಂದನೆಯದನ್ನು ಬದಿಗಿಟ್ಟ.

“ಇದ್ಯಾಕ್ ಸಾರ್? ಚೆನ್ನಾಗೇ ನುಡೀತಲ್ಲ?”

“ನುಡೀತು. ಕೊನೇಲಿ ಒಂಚೂರು ನುಂಗ್ತು.”

ಗೋಪಾಲಪ್ಪ ಆವಲಪ್ಪನ ಮುಖ ನೋಡಿದ. “ಅಯ್ಯೋ, ನುಂಗಿದ್ದ ಉಡ್ಕೋದೇ ಇವ್ರ ಕಸುಬು, ತಕಳಣ್ಣ” ಎಂದ ಆವಲಪ್ಪ.

ಲೋಡಾಗಿ ಹೊರಡುವಾಗ ನಾಲ್ಕಾಗಿತ್ತು. ರೈಲ್ವೆ ಗೇಟು ಮುಚ್ಚಿತ್ತು. ಗೂಡ್ಸ್ ಗಾಡಿಯ ಐವತ್ತೆರಡು ಡಬ್ಬಿಗಳನ್ನು ಶ್ಯಾಮಸುಂದರ ಒಂದೊಂದಾಗಿ ಎಣಿಸಿದ. ಕ್ಲಬ್ಬಿನ ಮುಂದೆ ಇಳಿದಾಗ ನಾಲ್ಕೂವರೆ ದಾಟಿ ಐದು ನಿಮಿಷ. ಒಳಗಿನಿಂದ ಸ್ಯಾಕ್ಸೊಫೋನಿನ ದನಿ ಬರುತ್ತಿತ್ತು. ಅವನು ಮೆಟ್ಟಿಲ ಮೇಲೆ ಒಂದು ಕ್ಷಣ ನಿಂತ. ‘ಕರ್ರಿ ರೋಡ್’ ಅಲ್ಲ. ಅದು ಆಗಿಹೋಯಿತೋ, ಇನ್ನೂ ಬರಬೇಕೋ?

ಹಾಲಿನಲ್ಲಿ ಕ್ರಿಸ್‌ಮಸ್ಸಿನ ಬಣ್ಣದ ಕಾಗದದ ಗಂಟೆಗಳು, ಐವತ್ತು ಮಡಚುವ ಕುರ್ಚಿಗಳು, ಅವುಗಳಲ್ಲಿ ಹ್ಯಾಟು ತೊಟ್ಟ ನಿವೃತ್ತ ರೈಲ್ವೆ ಗಾರ್ಡುಗಳು, ಹೂವಿನ ಫ್ರಾಕಿನ ಅಜ್ಜಿಯರು, ಪ್ಲಮ್ ಕೇಕಿನ ವಾಸನೆ. ಪಿಂಟೊನಿಗೆ ಎಪ್ಪತ್ತು ದಾಟಿತ್ತು. ವಾದ್ಯಕ್ಕಿಂತ ತುಸುವೇ ದಪ್ಪಗಿದ್ದ. ಪಿಯಾನೊ, ಡ್ರಮ್ಮು, ಬೇಸ್ ನುಡಿಸುತ್ತಿದ್ದ ಮೂವರೂ ಅವನ ಮೊಮ್ಮಕ್ಕಳ ವಯಸ್ಸಿನವರು.

“‘ಕರ್ರಿ ರೋಡ್’ ಆಯಿತೇ?” ಎಂದು ಪಕ್ಕದ ಅಜ್ಜಿಯನ್ನು ಇಂಗ್ಲಿಷಿನಲ್ಲಿ ಪಿಸುಗುಟ್ಟಿ ಕೇಳಿದ.

“ಅದನ್ನು ಅವನು ಕೊನೆಗೇ ನುಡಿಸುವುದು, ಮಗು. ನಾನು ಅವನ ತಂಗಿ, ನನಗೆ ಗೊತ್ತು” ಎಂದು ಅಜ್ಜಿ ಅವನ ಕೈಗೆ ಒಂದು ತುಂಡು ಕೇಕಿಟ್ಟಳು.

ಶ್ಯಾಮಸುಂದರ ಕೂತ. ರೆಕಾರ್ಡಿನಲ್ಲಿ ಕೇಳುವಾಗ ಕಾಣದ ಎಷ್ಟೋ ಸಂಗತಿಗಳು ಕಛೇರಿಯಲ್ಲಿ ಕಾಣುತ್ತವೆ. ಪಿಂಟೊ ಒಂದೊಂದು ದೀರ್ಘ ಸ್ವರದ ಮುಂಚೆ ಎಡ ಹುಬ್ಬು ಎತ್ತುತ್ತಿದ್ದ. ಪಿಯಾನೊ ಹುಡುಗಿ ತಪ್ಪಿದಾಗ, ಆ ತಪ್ಪನ್ನೇ ಎತ್ತಿಕೊಂಡು ಎರಡು ಸಲ ನುಡಿಸಿ, ಅದು ಮೊದಲಿನಿಂದಲೂ ಅಲ್ಲೇ ಇರಬೇಕಾಗಿದ್ದದ್ದು ಎನ್ನುವಂತೆ ಮಾಡಿಬಿಟ್ಟ. ಬಾಗಿಲ ಬಳಿ ನಿಂತಿದ್ದ ಆವಲಪ್ಪ ಯಾವಾಗಲೋ ಬಂದು ಪಕ್ಕದ ಕುರ್ಚಿಯಲ್ಲಿ ಕೂತಿದ್ದ.

“ಸಾ, ಆವಯ್ಯ ಉಸ್ರು ಎಲ್ಲಿ ತಕಂತಾನೆ?”

“ನೋಡ್ತಾ ಇರು.”

“ಅದೇ ನೋಡ್ತಾ ಇವ್ನಿ. ತಕಂತಾನೇ ಇಲ್ವಲ್ಲ. ನಮ್ಮೂರ್ ಓಲಗದೋರು ಇಷ್ಟೊತ್ತಿಗೆ ಎರಡು ದಪ ಬೀಡಿ ಸೇದಿರೋರು.”

ಕೊನೆಗೆ ‘ಕರ್ರಿ ರೋಡ್ ಲೋಕಲ್’ ಬಂತು. ಒಂಬತ್ತು ವರ್ಷ ಮುಳ್ಳಿನ ಕರಕರದ ಹಿಂದಿನಿಂದ ಕೇಳಿದ್ದ ರಾಗ ಎದುರಿಗೇ ನಿಂತು ಮಾತಾಡಿಸಿದಂತಾಯಿತು. ಪಿಂಟೊ ಮೆಟ್ಟಿಲು ಹತ್ತತೊಡಗಿದ. ಶ್ಯಾಮಸುಂದರ ಕುರ್ಚಿಯ ಅಂಚಿಗೆ ಬಂದ. ಕೈಯಲ್ಲಿದ್ದ ಕೇಕು ಪುಡಿಯಾಯಿತು. ಇನ್ನು ನಾಲ್ಕು ಮೆಟ್ಟಿಲು, ಮೂರು, ಎರಡು. ಮುಳ್ಳು ಹಾರುವ ಜಾಗಕ್ಕೆ ಬಂದಾಗ ಅವನ ಎದೆಯೇ ಅಭ್ಯಾಸಬಲದಿಂದ ಟಕ್ ಎಂದಿತು.

ಪಿಂಟೊ ಮೇಲೆ ಹೋಗಲಿಲ್ಲ. ತುದಿಯಲ್ಲಿ ನಿಂತು, ತಗ್ಗಿದ ದನಿಯಲ್ಲಿ ಮೂರು ಸ್ವರ ನುಡಿಸಿದ. ಕಾದ. ಮತ್ತೆ ಅದೇ ಮೂರು, ಇನ್ನೂ ಮೆಲ್ಲಗೆ, ರೈಲು ಪ್ಲಾಟ್‌ಫಾರಮ್ಮಿಗೆ ಬಂದು ನಿಲ್ಲುವಾಗ ಆಗುವ ಹಾಗೆ. ಆಮೇಲೆ ಇಳಿದು, ಮನೆಯ ಕಡೆ ನಡೆದ. ಅಷ್ಟೇ. ಶ್ಯಾಮಸುಂದರನಿಗೆ ಕಣ್ಣು ತುಂಬಿತು. ಇಷ್ಟು ಸರಳವಾಗಿತ್ತೇ!

ಕಾರ್ಯಕ್ರಮ ಮುಗಿದ ಮೇಲೆ ವಾದ್ಯ ಒರೆಸುತ್ತಿದ್ದ ಮುದುಕನ ಬಳಿ ಹೋಗಿ, ಇಂಗ್ಲಿಷೂ ಮುರುಕು ಹಿಂದಿಯೂ ಕಲಸಿ, ಗೀರಿನ ಕಥೆಯನ್ನೆಲ್ಲ ಹೇಳಿದ. “ಆ ಮೂರು ಸ್ವರ. ರೆಕಾರ್ಡಿನಲ್ಲೂ ಅದೇ ಇದೆಯಲ್ಲವೇ?”

ಪಿಂಟೊ ಬಟ್ಟೆ ಕೆಳಗಿಟ್ಟ. “ಯಾವ ರೆಕಾರ್ಡು? ಓ, ಅದಾ? ಅವತ್ತು ನನಗೆ ಹಲ್ಲುನೋವು. ಡ್ರಮ್ಮಿನವನಿಗೆ ಕಡೆಯ ಲೋಕಲ್ ತಪ್ಪುತ್ತೆ ಅನ್ನೋ ಗಡಿಬಿಡಿ. ಏನು ನುಡಿಸಿದೆನೋ ಯಾರಿಗೆ ಗೊತ್ತು ಮಾರಾಯ? ಇವತ್ತಿಂದು ಇವತ್ತಿಗೆ.”

“ಕೇಳಿ ನೋಡಿಲ್ಲವೇ?”

“ನನ್ನ ಹತ್ತಿರ ಆ ರೆಕಾರ್ಡು ಯಾವತ್ತೂ ಇರಲಿಲ್ಲ.” ಮುದುಕ ಅವನ ಕಡೆ ತಿರುಗಿದ. “ಒಂಬತ್ತು ವರ್ಷ ಕೇಳಿದೀಯ ಅಂದೆ. ಮುಳ್ಳು ಹಾರಿದಾಗಲೆಲ್ಲ ನಿನ್ನ ತಲೆಯಲ್ಲಿ ಅಲ್ಲಿ ಏನೋ ಬರ್ತಿರಬೇಕಲ್ಲ. ಏನು ಬರುತ್ತೆ? ಹಾಡು.”

“ನಾನಾ?”

“ಮತ್ತೆ ನಾನಾ? ನಾನು ಇವತ್ತಿನ ಕೆಲಸ ಮುಗಿಸಿದೆ.”

ಶ್ಯಾಮಸುಂದರ ಸುತ್ತ ನೋಡಿದ. ಆವಲಪ್ಪ ಕೇಕು ತಿನ್ನುತ್ತ ಆಸಕ್ತಿಯಿಂದ ನಿಂತಿದ್ದ. ತಂಗಿ ಅಜ್ಜಿ ತಲೆಯಾಡಿಸಿದಳು. ಸ್ನಾನದ ಮನೆಯಲ್ಲಿ ಬಿಟ್ಟರೆ ಎಲ್ಲೂ ಬಾಯಿ ತೆರೆಯದ ಶ್ಯಾಮಸುಂದರ, ಕಣ್ಣು ಮುಚ್ಚಿ, ತನ್ನ ಹನ್ನೊಂದು ಸೆಕೆಂಡನ್ನು ಗುನುಗಿದ. ಮೇಲೆ ಹೋಗಿ, ಸುತ್ತು ಹೊಡೆದು, ಇನ್ನೂ ಮೇಲೆ ಹೋಗಿ, ಸಾಕಷ್ಟು ಬಳುಕಿ ಕೆಳಗೆ ಬರುವ ಒಂದು ಹಾದಿ ಅದು.

ಪಿಂಟೊ ಎಡ ಹುಬ್ಬೆತ್ತಿ ಪೂರ್ತಿ ಕೇಳಿದ. “ಸ್ವರ ಜಾಸ್ತಿ ಆಯ್ತು. ಅರ್ಧ ತೆಗೆದು ಹಾಕು” ಎಂದ. ಆಮೇಲೆ, “ಮೊದಲ ಅರ್ಧ ಇರಲಿ” ಎಂದು ಸೇರಿಸಿ, ಕೈ ಕುಲುಕಿ, ವಾದ್ಯವನ್ನು ಪೆಟ್ಟಿಗೆಗಿಟ್ಟ.

ವಾಪಸು ಬರುವಾಗ ವ್ಯಾನು ಕೆ.ಆರ್. ಪುರ ದಾಟಿತು. ಹಿಂದೆ ಎರಕದ ತುಂಡುಗಳು ಒಂದಕ್ಕೊಂದು ತಾಗಿ ನುಡಿಯುತ್ತಿದ್ದವು. ಆಮೇಲೆ ಆವಲಪ್ಪನೇ ಅಂದ: “ಸಾ, ನೀವ್ ಆಡಿದ್ದೇ ಚೆಂದಾಗಿತ್ತು ಬುಡಿ. ಆವಯ್ಯಂಗೆ ವಯಸ್ಸಾಗದೆ, ಜಾಸ್ತಿ ಎಂಗಾದಾತು?” ಅದು ನಿಜವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅಂಥ ಮಾತು ಕೇಳಿ ಶ್ಯಾಮಸುಂದರನಿಗೆ ಹಿತವಾಯಿತು.

ಮನೆ ದಾಸರಹಳ್ಳಿಯಲ್ಲಿ, ಅಂಜಿನಮ್ಮ ಎಂಬ ರೈತ ಹೆಂಗಸಿನ ವಠಾರದಲ್ಲಿ. ಏಳೂವರೆಗೆ ವ್ಯಾನು ಬಂದು ನಿಂತಾಗ ಬಾಗಿಲಲ್ಲಿ ರಂಗೋಲಿಯಿತ್ತು. ಐದೂಕಾಲರ ಕಾರ್ಖಾನೆ ಬಸ್ಸಿನಲ್ಲಿ ಗ್ಯಾಸಿನ ಸುದ್ದಿ ಶ್ಯಾಮಸುಂದರನಿಗಿಂತ ಮೊದಲೇ ಇಳಿದಿತ್ತು. ಒಳಗೆ ಹೆಂಡತಿ ಸೀತಾಲಕ್ಷ್ಮಿ ಅಡುಗೆಮನೆಯ ಮೂಲೆ ತೊಳೆದು, ಅರಿಸಿನ ಕುಂಕುಮದ ಬಟ್ಟಲಿಟ್ಟುಕೊಂಡು ನಿಂತಿದ್ದಳು. ಕೇಸರಿಬಾತಿನ ವಾಸನೆ.

“ಎಲ್ಲೈತೆ ಸೋಮಿ, ಗ್ಯಾಸಿನ್ ಅಂಡೆ?” ಎಂದು ಅಂಜಿನಮ್ಮ ವ್ಯಾನಿನೊಳಗೆ ಇಣುಕಿದಳು. “ಬರೀ ಕಬ್ಬಿಣ ತಂದವ್ನಲ್ಲೇ ಸೀತಮ್ಮ!”

ಶ್ಯಾಮಸುಂದರ ಹೆಂಡತಿಯನ್ನು ಒಳಗೆ ಕರೆದು ಎಲ್ಲವನ್ನೂ ಹೇಳಿದ. ಅವಳು ಬಟ್ಟಲನ್ನು ಕೆಳಗಿಟ್ಟಳು. ಅವಳು ಗ್ಯಾಸಿಗೆ ಹೆಸರು ಬರೆಸಿ ಆರು ವರ್ಷವಾಗಿತ್ತು.

“ಜ್ಯಾಸಾ?”

“ಹೂಂ.”

“ನನ್ನ ಸೀಮೆಎಣ್ಣೆ ಸ್ಟೋವು ದಿನಾ ಅದನ್ನೇ ಊದುತ್ತೆ. ಕೇಳಕ್ಕೆ ಒಂದು ದಿನ ಬಂದು ಕೂತ್ಕೊಂಡಿದ್ದೀರಾ?”

ಅವಳು ಮೂಲೆಯ ಕಡೆ ನೋಡಿದಳು, ಅವನ ಅಂಗಿಯ ಮೇಲಿನ ಕೇಕಿನ ಪುಡಿ ನೋಡಿದಳು, ಅವನ ಮುಖ ನೋಡಿದಳು. ಆ ಮುಖದಲ್ಲಿ ಇನ್ನೂ ಏನೋ ಉರಿಯುತ್ತಿತ್ತು. ತಪ್ಪಿತಸ್ಥನಂತೆ ಕಾಣಲು ಅವನು ಎಷ್ಟು ಪ್ರಯತ್ನಿಸಿದರೂ ಆರುತ್ತಿರಲಿಲ್ಲ.

“ಸಿಕ್ತಾ? ಆ ಹನ್ನೊಂದು ಸೆಕೆಂಡು?”

“ಇಲ್ಲ. ಆದರೆ…”

“ಇರಿ. ಆವಲಪ್ಪನ್ನೂ ಒಳಗೆ ಕರೀರಿ. ಕೇಸರಿಬಾತು ತಣ್ಣಗಾಗುತ್ತೆ. ತಿನ್ಕೊಂಡು ಹೇಳಿ.” ಕುಂಕುಮದ ಬಟ್ಟಲು ಎತ್ತಿಕೊಂಡು ಹೋಗುವಾಗ ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಹೆದರಿ ಹಿಂದೆ ಹೋದರೆ, ನಗುತ್ತಿದ್ದಳು. “ಹನುಮಂತಯ್ಯನೋರ್ ಕಿವಿ!” ಎಂದಳು. “ಆ ಕಿವಿಗೆ ಒಂದು ಆರತಿ ಎತ್ತಬೇಕು ಕಣ್ರೀ.”

ಮಾರನೆಯ ದಿನ ಶ್ಯಾಮಸುಂದರ ಟೈಮ್ ಆಫೀಸಿಗೆ ಹೋಗಿ, ಒಂದು ಚೀಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ನಿಜವನ್ನು ಬರೆದು ಹನುಮಂತಯ್ಯನವರ ಮುಂದಿಟ್ಟ. ಅವರು ಕನ್ನಡಕ ಹಾಕಿ ಓದಿದರು, ತೆಗೆದು ಒರೆಸಿ ಮತ್ತೆ ಓದಿದರು.

“ರಿಜಿಸ್ಟರಲ್ಲಿ ಗ್ಯಾಸ್ ಅಂತ ಬಿದ್ದಿದೆ. ಹೊಡೆದು ತಿದ್ದೋ ಹಂಗಿಲ್ಲ, ಆಡಿಟ್‌ನೋರು ಕೇಳ್ತಾರೆ.” ಸ್ವಲ್ಪ ಯೋಚಿಸಿದರು. “ಒಂದು ಕೆಲ್ಸ ಮಾಡು. ನಿಂಗೆ ನಿಜವಾಗ್ಲೂ ಗ್ಯಾಸ್ ಬಂದಾಗ ಬಂದು, ಜ್ಯಾಸ್ ಅಂತ ಬರೆಸು. ಸರಿಹೋಗುತ್ತೆ.”

ಒಬ್ಬ ಮನುಷ್ಯನಿಗೆ ಒಂದು ಸಂಜೆ ಸಂಗೀತ ಕೇಳಿಸಲು ಎಷ್ಟು ಜನ ಬೇಕಾಗುತ್ತದೆ ಎಂದು ಶ್ಯಾಮಸುಂದರ ಆಮೇಲೆ ಎಷ್ಟೋ ದಿನ ಯೋಚಿಸಿದ. ನುಡಿಸುವವರು ನಾಲ್ಕು ಜನ. ಅದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಅವರಲ್ಲದೆ ಕಿವಿ ಕೇಳದ ಒಬ್ಬರು, ವ್ಯಾನಿನ ಒಬ್ಬ, ಕೇಕು ಕೊಡುವ ಒಬ್ಬಳು, ಮೂಲೆ ತೊಳೆದು ಕಾಯುವ ಒಬ್ಬಳು.

ಆ ಭಾನುವಾರ ಸೀತಾಲಕ್ಷ್ಮಿ ತಾನಾಗಿಯೇ ಬಂದು ಕೂತಳು. ಅವನು ‘ಕರ್ರಿ ರೋಡ್’ ಹಾಕಿದ. ಪಿಂಟೊ ಹತ್ತಿದ, ಮುಳ್ಳು ಹಾರಿತು, ಪಿಂಟೊ ಇಳಿದ. “ಇಲ್ಲೇನಾ?” ಎಂದಳು. “ಇಲ್ಲೇ” ಎಂದ. ಇನ್ನೊಂದು ಸಲ ಹಾಕಲು ಹೇಳಿದಳು. ಹಾಕಿದ.

ರೆಕಾರ್ಡಿನ ಇನ್ನೊಂದು ಪ್ರತಿ ಮುಂದೆಯೂ ಸಿಗಲಿಲ್ಲ. ಆ ಹನ್ನೊಂದು ಸೆಕೆಂಡಿನಲ್ಲಿ ಏನಿತ್ತು ಎಂಬುದು ಶ್ಯಾಮಸುಂದರನಿಗೆ ಗೊತ್ತಾಗಲಿಲ್ಲ.